ಒಂದಕ್ಕೆ ಹತ್ತು ಸರಿಯಾದೀತೆ?

ನಾಗಬನಕ್ಕೆ ಕಾಂಕ್ರೀಟ್ ಕಟ್ಟೆ ಕಟ್ಟುವ ಮಾತು ಈಗ ನಮ್ಮ ಕಡೆ ಅನೇಕ ಊರುಗಳಲ್ಲಿ ಕೇಳಿಬರುತ್ತದೆ. ನಮ್ಮಲ್ಲೂ ಬಂತು. ಜಾಗ ಸಾಲದು, ಹಳೆಯ ಧೂಪದ ಮರ ಒಂದನ್ನು ತೆಗೆಯಬೇಕು ಎಂದರು. "ಒಂದು ಕಡಿದರೆ ಹತ್ತು ಗಿಡ ನೆಟ್ಟರಾಯ್ತಲ್ಲ ಮಾಷ್ಟ್ರೇ?" ಎಂದು ಕೇಳಿದಾಗ ನಾನೂ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಆ ಲೆಕ್ಕ ಸರಿಯೇ ಎಂಬ ಪ್ರಶ್ನೆ ಕಾಡತೊಡಗಿತು.

ಎಲೆಯು ಬೆಳಕು, ನೀರು, ಇಂಗಾಲದ ಡೈ ಆಕ್ಸೈಡ್ ಇವುಗಳಿಂದ ಆಹಾರ ತಯಾರಿಸುತ್ತದೆ, ಇದೇ ದ್ಯುತಿಸಂಶ್ಲೇಷಣೆ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಬಿಸಿಲು ಹೆಚ್ಚಿದಷ್ಟೂ ಅಡುಗೆ ಹೆಚ್ಚು ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ದಟ್ಟವಾದ ಮಳೆಕಾಡಿನಲ್ಲಿ ಮೇಲೆ ಬಿದ್ದ ಬೆಳಕಿನಲ್ಲಿ ನೆಲ ಮುಟ್ಟುವುದು ಶೇಕಡಾ 1ರಿಂದ 2ರಷ್ಟು ಮಾತ್ರ. ಅಲ್ಲಿ ಹುಟ್ಟಿದ ಧೂಪದ ಸಸಿ ತೆಳ್ಳಗಿನ ಎಲೆ ಬಿಟ್ಟು, ಖರ್ಚು ಕಡಿಮೆ ಮಾಡಿಕೊಂಡು ಬದುಕುತ್ತದೆ. ಎಲೆಗಳ ಸಂದಿಯಿಂದ ಕೆಲವು ನಿಮಿಷ ಇಳಿಯುವ ಬಿಸಿಲಿನ ತುಣುಕೇ ಅದರ ದಿನದ ಗಳಿಕೆಯ ದೊಡ್ಡ ಪಾಲು. ಹೀಗೆ ಅದು ವರ್ಷಗಟ್ಟಲೆ ಕಾಯುತ್ತದೆ.

ಅಂಥ ಸಸಿಯ ಮೇಲಿನ ಮರವನ್ನು ಒಮ್ಮೆಲೇ ಕಡಿದರೆ ಏನಾಗುತ್ತದೆ? ನೆರಳಿನಲ್ಲಿ ಬೆಳೆದ ಎಲೆಗೆ ಅಷ್ಟು ಬೆಳಕನ್ನು ಬಳಸಲಾಗದು. ಮಿಕ್ಕ ಬೆಳಕು ಅಡುಗೆಮನೆಯನ್ನೇ ಹಾಳು ಮಾಡುತ್ತದೆ, ಎಲೆ ಬಿಳಚುತ್ತದೆ. ಗಾಳಿ ಒಣಗಿದಾಗ ನೀರು ಉಳಿಸಲು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚುತ್ತದೆ. ಆಗ ಇಂಗಾಲದ ಡೈ ಆಕ್ಸೈಡ್ ಒಳಗೆ ಬಾರದು, ಎಲೆಯೂ ತಂಪಾಗದು. ಬಿಸಿಲು ಎಷ್ಟೇ ಇದ್ದರೂ ಅಡುಗೆ ನಿಲ್ಲುತ್ತದೆ. ಎಳೆ ಅಡಿಕೆ ಸಸಿಗೆ ಬಾಳೆಯ ನೆರಳು ಕೊಡುವ ನಮ್ಮ ತೋಟದವರಿಗೆ ಇದು ಹೊಸ ಸಂಗತಿಯೇನಲ್ಲ.

"ಕಾಡಿನಲ್ಲೂ ಮರ ತಾನಾಗಿ ಬೀಳುವುದಿಲ್ಲವೇ?" ಎಂದು ಕೇಳಬಹುದು. ಬೀಳುತ್ತದೆ. ಆ ತೆರವಿನಲ್ಲಿ ಕಾಯುತ್ತಿದ್ದ ಸಸಿಗಳು ಹೊಸ ಎಲೆ ಬಿಟ್ಟು ಮೇಲೇಳುತ್ತವೆ. ತೆರವು ದೊಡ್ಡದಾದರೆ ಬಿಸಿಲು ಬೇಡುವ ಉಪ್ಪಳಿಗೆಯಂಥ ಮರಗಳೂ ಬರುತ್ತವೆ. ಆದರೆ ಅಲ್ಲಿ ಸುತ್ತಲಿನ ಮರಗಳು ನಿಂತೇ ಇರುತ್ತವೆ, ತರಗೆಲೆಯಡಿ ಮಣ್ಣು ತಂಪಾಗಿರುತ್ತದೆ. ಕಾಂಕ್ರೀಟಿನಡಿ ಯಾವ ಸಸಿ ಕಾಯುತ್ತಿದೆ?

ನಮ್ಮ ಲೆಕ್ಕ ತಪ್ಪಿದ್ದು ಇಲ್ಲಿ. ನಾವು ಮರವನ್ನು ಎಣಿಸಿದೆವು. ಅದು ಮಾಡುತ್ತಿದ್ದ ಕೆಲಸವನ್ನು ಎಣಿಸಲಿಲ್ಲ. ಮನೆಯ ಅಜ್ಜಿಯನ್ನು ಹೊರಗೆ ಹಾಕಿ ಹತ್ತು ಶಿಶುಗಳನ್ನು ತಂದಿಟ್ಟು, ಮನೆ ತುಂಬಿತು ಎಂದರೆ ಹೇಗೆ? ಅವುಗಳನ್ನು ಸಾಕುವವರು ಯಾರು?

ಹಾಗಂತ ಮರ ಕಡಿಯಲೇಬಾರದು ಎಂದು ನಾನು ಹೇಳುವುದಿಲ್ಲ. ನನ್ನ ಮನೆಯ ಪಕಾಸಿಗಳೂ ಮರದವೇ. ಗತಿಯಿಲ್ಲದೆ ಕಡಿಯುವುದು ಬೇರೆ, ಕಡಿದು ಹತ್ತು ಗಿಡ ನೆಟ್ಟು ಸಾಲ ತೀರಿತು ಎನ್ನುವುದು ಬೇರೆ. ಮೊದಲನೆಯವನಿಗೆ ನಷ್ಟ ಗೊತ್ತಿರುತ್ತದೆ, ಆದ್ದರಿಂದ ಮುಂದಿನ ಸಲ ಕೊಡಲಿ ಎತ್ತುವಾಗ ಕೈ ತಡೆಯುತ್ತದೆ. ಎರಡನೆಯವನಿಗೆ ತಡೆಯುವಂಥದ್ದು ಏನೂ ಉಳಿದಿರುವುದಿಲ್ಲ. ಗಿಡ ನೆಡೋಣ, ಆದರೆ ಅದನ್ನು ರಶೀದಿ ಮಾಡಿಕೊಳ್ಳುವುದು ಬೇಡ.

ಮುಂದಿನ ಸಭೆಯಲ್ಲಿ, ಅಂದು ತಲೆಯಾಡಿಸಿದ್ದು ನನ್ನ ತಪ್ಪು ಎಂದು ಹೇಳಬೇಕೆಂದಿದ್ದೇನೆ. ಕಟ್ಟೆ ಸ್ವಲ್ಪ ಚಿಕ್ಕದಾದರೆ ನಾಗನೇನೂ ಮುನಿಯಲಾರ. ಅವನು ಇಷ್ಟು ಕಾಲ ಇದ್ದದ್ದು ಆ ನೆರಳಿನಲ್ಲೇ ಅಲ್ಲವೇ?