ಪರಿಸರದ ವಿದ್ಯೆ: ಉದ್ಯೋಗವೇ, ಅಮಾನತ್ತೇ?

ಪರಿಸರ ಸಂರಕ್ಷಣೆ ಮತ್ತು ಸುಸ್ಥಿರ ಅಭಿವೃದ್ಧಿ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಒಂದು ವೃತ್ತಿಕ್ಷೇತ್ರವಾಗಿ ಬೆಳೆದಿದೆ. ಅದಕ್ಕೆ ಪ್ರತ್ಯೇಕ ವಿಭಾಗಗಳಿವೆ, ಪದವಿಗಳಿವೆ, ಸಂಶೋಧನಾ ಅನುದಾನವಿದೆ. ಇದು ಸಂತೋಷದ ವಿಷಯವೇ. ಆದರೆ ಈ ವಿದ್ಯೆಯನ್ನು ಗಳಿಸಿದವರು ಯಾರಿಗೆ ಉತ್ತರದಾಯಿಗಳು?

1970ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕ್ಷೀಣಿಸತೊಡಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಅದರ ಅಧ್ಯಯನ ಕೈಗೊಂಡರು. ಕಾಗದ ಕಾರ್ಖಾನೆಯವರು ಬಿದಿರು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆಸುತ್ತಿದ್ದರು. ಅದರಿಂದ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಅವರ ನಂಬಿಕೆಯಾಗಿತ್ತು. ಮುಳ್ಳು ಹೋದರೆ ಕಳಲೆಯೆಲ್ಲ ದನಕರು, ಕಾಡುಪ್ರಾಣಿಗಳ ಪಾಲಾಗುತ್ತದೆ ಎಂದು ಹಳ್ಳಿಗರು ಹೇಳಿದರು. ಕೊನೆಗೆ ಅಧ್ಯಯನವು ಹಳ್ಳಿಗರ ಮಾತನ್ನೇ ದೃಢಪಡಿಸಿತು.

ಸಂಶೋಧಕನ ಅರಿವಿನಲ್ಲಿ ಇಂತಹ ಅನಾಮಿಕರ ಪಾಲಿದೆ. ಪಡೆದದ್ದನ್ನು ಅವರಿಗೆ ಅವರ ಭಾಷೆಯಲ್ಲೇ ಮರಳಿಸುವುದು ಋಣ ಸಂದಾಯ. ಆದರೆ ನೇಮಕಾತಿಗೆ, ಬಡ್ತಿಗೆ ಪ್ರಕಟಿತ ಪ್ರಬಂಧಗಳಿಗಿರುವ ಬೆಲೆ ಈ ಋಣ ಸಂದಾಯಕ್ಕಿಲ್ಲ. ಪ್ರಯೋಜನಕ್ಕೆ ಬಾರದ ಜ್ಞಾನದಿಂದ ಪ್ರವಾದಿ ಮುಹಮ್ಮದ್(ಸ)ರು ಅಲ್ಲಾಹನ ಅಭಯ ಯಾಚಿಸುತ್ತಿದ್ದರೆಂಬುದನ್ನು ನಾವು ಇಲ್ಲಿ ನೆನೆಯಬೇಕು.

ಹಾಗೆಂದು ಅಧ್ಯಾಪಕರಿಂದ ಬರೀ ತ್ಯಾಗವನ್ನು ಬಯಸುವುದೂ ನ್ಯಾಯವಲ್ಲ. ಶಿಕ್ಷಣದ ಎಲ್ಲ ಹಂತಗಳಲ್ಲೂ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂಬುದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಆಶಯ. ಆ ಬಳಿಕ ಯುಜಿಸಿ ಪದವಿ ತರಗತಿಗಳಿಗೆ ರೂಪಿಸಿದ ಪಠ್ಯಕ್ರಮದಲ್ಲಿ 50 ಉಪನ್ಯಾಸಗಳಿದ್ದು, 5 ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದವು. ಎಷ್ಟೋ ಕಾಲೇಜುಗಳಲ್ಲಿ ಈ ಪಾಠದ ಹೊಣೆ ಬೀಳುವುದು ಬೇರೆ ವಿಷಯದ ಅಧ್ಯಾಪಕರ ಮೇಲೆ ಅಥವಾ ಅತಿಥಿ ಉಪನ್ಯಾಸಕರ ಮೇಲೆ. ಮುಂದಿನ ವರ್ಷ ತನಗೆ ಕೆಲಸವಿದೆಯೋ ಇಲ್ಲವೋ ತಿಳಿಯದವನು ಮುಂದಿನ ತಲೆಮಾರಿನ ಹಕ್ಕಿನ ಕುರಿತು ಪಾಠ ಹೇಳಬೇಕಾಗಿದೆ! ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳು ಇದನ್ನು ಕಂಡೂ ಕಾಣದಂತಿರಬಹುದೇ?

ಕುರ್‌ಆನ್ ಮನುಷ್ಯನನ್ನು ಭೂಮಿಯಲ್ಲಿ ಖಲೀಫ, ಅಂದರೆ ಪ್ರತಿನಿಧಿ ಎನ್ನುತ್ತದೆ. ಭೂಮಿ ಅವನ ಕೈಗಿತ್ತ ಅಮಾನತ್ತು. ಅದರ ಲೆಕ್ಕ ಒಪ್ಪಿಸಲೇಬೇಕು. ವಿದ್ಯೆಯೂ ಅಂತಹುದೇ ಅಮಾನತ್ತು. ಅದರಿಂದ ಸಂಬಳ ಪಡೆಯುವುದು ಹಲಾಲ್. ಆದರೆ ಸಂಬಳಕ್ಕೇ ಅದು ಮುಗಿದುಹೋದರೆ ಅಮಾನತ್ತಿಗೆ ಬಗೆದ ದ್ರೋಹವಾಗುತ್ತದೆ.

ಸುಧಾರಣೆಗೆ ಸರಕಾರವನ್ನೇ ಕಾಯಬೇಕಾಗಿಲ್ಲ. ನಮ್ಮ ಸಮುದಾಯ ನಡೆಸುವ ಕಾಲೇಜುಗಳು ಈ ವಿಷಯಕ್ಕೆ ತಕ್ಕ ಸಂಬಳದ ಒಬ್ಬ ಖಾಯಂ ಅಧ್ಯಾಪಕರನ್ನು ನೇಮಿಸಿಕೊಳ್ಳಲಿ. ಕ್ಷೇತ್ರಕಾರ್ಯದ ಸಮಯದಲ್ಲಿ ಊರಿನ ಕೆರೆಯ ಬಳಿ ಪಾಠ ನಡೆಯಲಿ. ಅಲ್ಲಿ ಕಂಡದ್ದನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದು ಪಂಚಾಯತಿಗೆ ಒಪ್ಪಿಸಲಿ. ಜ್ಞಾನ ಜನರನ್ನು ತಲುಪುವುದು ಅಂತಹ ಸಣ್ಣ ದಾರಿಗಳಲ್ಲೇ.