ಅಗ್ಗದ ಚಿನ್ನ

ಮೂಲೆ ಚಿನ್ನ, ಅಂಚು ಬೆಳ್ಳಿ, ಹೊಟ್ಟೆ ಬರೀ ಹುಲ್ಲು. ಗೋ ಆಟದ ಬಗ್ಗೆ ಚೀನಾದಲ್ಲಿ ಬಳಕೆಯಲ್ಲಿರುವ ಗಾದೆ ಇದು. ಕಲಿಯಲು ಕೂತವರಿಗೆ ಕಾಯಿ ಸೆರೆಹಿಡಿಯುವುದು ಗೊತ್ತಾದ ಬೆನ್ನಿಗೇ ಇದನ್ನು ಹೇಳಿಬಿಡುತ್ತಾರೆ. ಮೂರೇ ಮಾತು, ಬಾಯಿಪಾಠವಾಗಲು ಅರೆಗಳಿಗೆ ಸಾಕು. ಅರ್ಥವಾಗಲು ಮಾತ್ರ ಸಾಕಷ್ಟು ಆಟ ಸೋಲಬೇಕು. ಗಾದೆ ಹೇಳುವುದು ಒಂದು, ಹೊಸಬರು ಕೇಳಿಸಿಕೊಳ್ಳುವುದು ಇನ್ನೊಂದು.

ಆಟದ ಪರಿಚಯ ಇಲ್ಲದವರಿಗೆ ಸ್ವಲ್ಪ ವಿವರ. ಚೀನಾದಲ್ಲಿ ವೇಯ್‌ಚಿ, ಕೊರಿಯಾದಲ್ಲಿ ಬಾದುಕ್, ಜಪಾನಿನಲ್ಲಿ ಇಗೋ ಎನ್ನುವುದು ಇದನ್ನೇ. ಮಣೆಯ ಮೇಲೆ ಅಡ್ಡ 19 ಗೆರೆ, ಉದ್ದ 19 ಗೆರೆ, ಅವು ಕೂಡುವ 361 ಬಿಂದು. ಕಾಯಿ ಇಡುವುದು ಚೌಕದೊಳಗಲ್ಲ, ಬಿಂದುವಿನ ಮೇಲೆ. ಒಬ್ಬರದು ಕಪ್ಪು, ಇನ್ನೊಬ್ಬರದು ಬಿಳಿ. ಸರದಿಯ ಮೇಲೆ ಒಂದೊಂದೇ ಕಾಯಿ. ಇಟ್ಟ ಕಾಯಿ ಆಮೇಲೆ ಕದಲುವುದಿಲ್ಲ. ಅದರ ನಾಲ್ಕು ದಿಕ್ಕಿಗೆ ಪಕ್ಕದಲ್ಲಿರುವ ಖಾಲಿ ಬಿಂದುಗಳೇ ಅದರ ಉಸಿರು. ಎಲ್ಲ ಉಸಿರೂ ಕಟ್ಟಿದರೆ ಸೆರೆ. ಕೊನೆಗೆ ಯಾರ ಬೇಲಿಯೊಳಗೆ ಹೆಚ್ಚು ಜಾಗ ಉಳಿಯಿತೋ ಅವರು ಗೆದ್ದರು. ಮುಖ್ಯ ನಿಯಮ ಇಷ್ಟೇ. ತೊಂದರೆ ಶುರುವಾಗುವುದೇ ಇಲ್ಲಿ: 361 ಬಿಂದುಗಳಲ್ಲಿ ಎಲ್ಲಿ ಬೇಕಾದರೂ ಇಡಬಹುದು ಎಂದಾಗ ಹೊಸಬರ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ. ಆ ಕೈಗೆ ದಾರಿ ತೋರಿಸಲೆಂದೇ ಹುಟ್ಟಿದ ಗಾದೆಯಂತಿದೆ ಇದು.

ಚಿನ್ನ ಎಂದರೆ ಬೆಲೆಬಾಳುವ ವಸ್ತು, ಆದ್ದರಿಂದ ಮೂಲೆ ಬೆಲೆಬಾಳುವ ಜಾಗ ಎಂದು ಯಾರಿಗಾದರೂ ತೋಚುತ್ತದೆ. ನನ್ನ ಪ್ರಕಾರ ಗಾದೆಯ ಗುಟ್ಟು ಇದಕ್ಕೆ ಪೂರಾ ಉಲ್ಟಾ. ಮೂಲೆಯನ್ನು ಚಿನ್ನ ಎಂದದ್ದು ಅದು ದುಬಾರಿ ಎಂದಲ್ಲ, ಅಗ್ಗ ಎಂದು.

ಲೆಕ್ಕ ಹಾಕಿ ನೋಡಿ. ಮೂರಕ್ಕೆ ಮೂರು, ಒಟ್ಟು 9 ಬಿಂದುಗಳ ಜಾಗಕ್ಕೆ ಬೇಲಿ ಹಾಕಬೇಕು. ಮೂಲೆಯಲ್ಲಾದರೆ ಎರಡು ಕಡೆ ಮಣೆಯೇ ಮುಗಿದಿರುತ್ತದೆ, ಉಳಿದೆರಡು ಕಡೆಗೆ 6 ಕಾಯಿ ಸಾಕು. ಅಂಚಿನ ಮಧ್ಯದಲ್ಲಿ ಮೂರು ಕಡೆ ಕಟ್ಟಬೇಕು, 9 ಕಾಯಿ. ನಟ್ಟನಡುವೆ ನಾಲ್ಕೂ ಕಡೆ, 12 ಕಾಯಿ. ಸಿಗುವ ಜಾಗ ಅಷ್ಟೇ, ಕೊಡುವ ಬೆಲೆ ಎರಡರಷ್ಟು. ಜೀವ ಉಳಿಸಿಕೊಳ್ಳುವ ಖರ್ಚೂ ಇದೇ ಏರಿಕೆಯಲ್ಲಿದೆ. ಗೋದಲ್ಲಿ ಒಂದು ಗುಂಪು ಶಾಶ್ವತವಾಗಿ ಬದುಕಬೇಕಾದರೆ ಅದರೊಳಗೆ ಬೇರೆಬೇರೆಯಾಗಿ ಎರಡು ಖಾಲಿ ಬಿಂದು, ಅಂದರೆ ಎರಡು ಕಣ್ಣು ಇರಬೇಕು. ಎದುರಾಳಿ ಎರಡನ್ನೂ ಒಂದೇ ಸಲಕ್ಕೆ ತುಂಬಲಾರ. ಎರಡು ಕಣ್ಣು ಮಾಡಿಕೊಳ್ಳಲು ಮೂಲೆಯಲ್ಲಿ 6 ಕಾಯಿ, ಅಂಚಿನಲ್ಲಿ 8, ನಡುವೆ 10. ಬೆಂಗಳೂರಿನಲ್ಲಿ ಕಾರ್ನರ್ ಸೈಟಿಗೆ ರೇಟು ಜಾಸ್ತಿ, ಎರಡು ಕಡೆ ರಸ್ತೆ ಸಿಗುತ್ತದೆಂದು. ಗೋ ಮಣೆಯಲ್ಲಿ ಎರಡು ಕಡೆ ಕಾಂಪೌಂಡ್ ಪುಕ್ಕಟೆ ಸಿಗುವುದರಿಂದ ಕಾರ್ನರ್ ಸೈಟೇ ಎಲ್ಲಕ್ಕಿಂತ ಅಗ್ಗ.

ಅಗ್ಗವೋ ದುಬಾರಿಯೋ, ಮೊದಲು ಮೂಲೆ ಹಿಡಿ ಎಂದಾಯಿತಲ್ಲ, ಅರ್ಥದಲ್ಲಿ ವ್ಯತ್ಯಾಸವೇನು ಎಂದು ಕೇಳಬಹುದು. ವ್ಯತ್ಯಾಸ ಮೊದಲ ಕಾಯಿಯಲ್ಲಿ ಕಾಣುವುದಿಲ್ಲ, ಎರಡನೆಯದರಲ್ಲಿ ಕಾಣುತ್ತದೆ. ದುಬಾರಿ ಒಡವೆ ಎಂದುಕೊಂಡವರು ಮೂಲೆಯಲ್ಲಿ ಒಂದು ಕಾಯಿ ಇಟ್ಟ ಮೇಲೆ ಅದಕ್ಕೆ ಕಾವಲು ಕೂರುತ್ತಾರೆ. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಅಷ್ಟರಲ್ಲಿ ಎದುರಿನವರು ಉಳಿದ ಮೂರು ಮೂಲೆಗಳಿಗೆ ಹೋಗಿ ಬಂದಿರುತ್ತಾರೆ. ಅಗ್ಗಕ್ಕೆ ಸಿಕ್ಕಿದ್ದು ಎಂದುಕೊಂಡವರು ಒಂದನ್ನಿಟ್ಟು ಮುಂದಿನ ಮೂಲೆಗೆ ಹೋಗುತ್ತಾರೆ. ಕಡಿಮೆ ಬೆಲೆಯ ಮಾಲು ತಾನೇ ಬೇಗ ಖಾಲಿಯಾಗುವುದು.

ಗಾದೆಯನ್ನು ಅಕ್ಷರಶಃ ಹಿಡಿದು ಮಣೆಯ ತುದಿಯ ಬಿಂದುವಿನ ಮೇಲೇ ಕಾಯಿ ಇಡುವವರೂ ಇದ್ದಾರೆ. ಪಾಪ, ಗಾದೆ ಅವರಿಗೆ ಮೋಸ ಮಾಡಿದೆ. ನಡುವಿನ ಕಾಯಿಗೆ ನಾಲ್ಕು ಉಸಿರು, ಮೊದಲ ಗೆರೆಯ ಕಾಯಿಗೆ ಮೂರು, ಆ ತುದಿಯ ಕಾಯಿಗೆ ಎರಡೇ. ಗಾದೆ ಹೇಳುವ ಮೂಲೆ ಇರುವುದು ಎರಡೂ ಅಂಚುಗಳಿಂದ ಎಣಿಸಿದ ಮೂರನೇ, ನಾಲ್ಕನೇ ಗೆರೆಗಳು ಕೂಡುವಲ್ಲಿ. ಮೂರು-ಮೂರು, ಮೂರು-ನಾಲ್ಕು, ನಾಲ್ಕು-ನಾಲ್ಕು: ಇಂದಿನ ಆಟಗಳಲ್ಲಿ ಹೆಚ್ಚಿನವು ಶುರುವಾಗುವುದು ಈ ಬಿಂದುಗಳಿಂದಲೇ. ಮೂರನೇ ಗೆರೆಯ ಕಾಯಿ ಅಂಚಿನ ಜಾಗವನ್ನು ತಬ್ಬಿ ಹಿಡಿಯುತ್ತದೆ, ನಾಲ್ಕನೆಯದರ ದೃಷ್ಟಿ ಒಳಗಿನ ಬಯಲಿನ ಕಡೆಗಿರುತ್ತದೆ. ಬೆಳ್ಳಿಯ ವಿಚಾರವೂ ಇದರಲ್ಲೇ ಮುಗಿಯಿತು. ಮೂಲೆಗಳಾದ ಮೇಲೆ ಅವುಗಳಿಂದ ಅಂಚಿನುದ್ದಕ್ಕೂ ಚಾಚಿಕೊಳ್ಳುವುದು, ಅಷ್ಟೇ.

ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ಕಲಿಯುವವರೆಲ್ಲ ಒಮ್ಮೆ ಮುಖ ಕೆಂಪು ಮಾಡಿಕೊಳ್ಳುವ ಪ್ರಸಂಗ. ಕಪ್ಪು ನಾಲ್ಕು-ನಾಲ್ಕರಲ್ಲಿ ಕಾಯಿ ಇಟ್ಟಿದೆ. ಮೂಲೆ ತನ್ನದಾಯಿತೆಂಬ ನೆಮ್ಮದಿಯಲ್ಲಿದ್ದಾಗ ಬಿಳಿ ಬಂದು ಅದರ ಬೆನ್ನ ಹಿಂದೆ, ಮೂರು-ಮೂರರಲ್ಲಿ ಕೂರುತ್ತದೆ. ಮನೆಯೊಳಗೆ ಕಳ್ಳ ನುಗ್ಗಿದನೆಂದೇ ಕಪ್ಪಿನ ಭಾವನೆ. ಕೊಂದೇ ತೀರುತ್ತೇನೆಂದು ಹೊರಡುತ್ತದೆ. ಆದರೆ ಸುತ್ತಮುತ್ತ ಕಪ್ಪಿನ ಬೇರೆ ಕಾಯಿಗಳಿಲ್ಲದಿದ್ದರೆ ಆ ಬಿಳಿಯನ್ನು ಕೊಲ್ಲಲಾಗುವುದಿಲ್ಲ. ಕಪ್ಪು ಒಂದು ಕಡೆ ತಡೆಯುತ್ತದೆ, ಬಿಳಿ ಇನ್ನೊಂದು ಕಡೆಗೆ ನುಸುಳುತ್ತದೆ. ಕಪ್ಪು ಅಲ್ಲೂ ಅಡ್ಡ ನಿಲ್ಲುತ್ತದೆ, ಬಿಳಿ ಎರಡನೇ ಗೆರೆಗೆ ಬಾಗಿ ಎರಡು ಕಣ್ಣಿಗಾಗುವಷ್ಟು ಜಾಗ ಮಾಡಿಕೊಳ್ಳುತ್ತದೆ. ಮೂಲೆ ಹೋಯಿತು.

ಹೋಗಿದ್ದೆಷ್ಟು? ಹತ್ತು ಬಿಂದುಗಳ ಆಸುಪಾಸು. ಅದರ ಬದಲಿಗೆ ಕಪ್ಪಿಗೆ ಒಳಗಡೆ ಮುಖ ಮಾಡಿದ ಗಟ್ಟಿ ಗೋಡೆ ಸಿಕ್ಕಿದೆ. ಇಲ್ಲಿ ಕಪ್ಪಿಗೆ ನಿಜವಾಗಿ ಉಳಿದಿದ್ದ ಆಯ್ಕೆ ಒಂದೇ: ಮೊದಲ ತಡೆ ಯಾವ ಕಡೆಯಿಂದ? ಬಿಳಿಯನ್ನು ಯಾವ ಕಡೆಯಿಂದ ತಡೆಯುತ್ತೀರೋ ಆ ಕಡೆಯ ಬಯಲು ನಿಮಗೆ ಹತ್ತಿರವಾಗುತ್ತದೆ. ನಿಮ್ಮ ಕಾಯಿಗಳಿರುವ ಕಡೆಯಿಂದ, ಜಾಗ ವಿಶಾಲವಾಗಿರುವ ಕಡೆಯಿಂದ ತಡೆಯಬೇಕು. ಸಿಟ್ಟಿನಲ್ಲಿರುವವರು ಕಳ್ಳ ಓಡುವ ದಿಕ್ಕನ್ನಷ್ಟೇ ನೋಡಿ ತಡೆಯುತ್ತಾರೆ, ಗೋಡೆ ಎದ್ದ ಮೇಲೆ ಅದು ಬೇರೆಯವರ ಹಿತ್ತಲಿಗೆ ಮುಖ ಮಾಡಿಕೊಂಡಿರುತ್ತದೆ. ಮೂಲೆ ಅಗ್ಗ ಎಂದು ತಿಳಿದವರಿಗೆ ಸಿಟ್ಟು ಬರಲು ಕಾರಣವೇ ಇಲ್ಲ. ನಮಗೆ ಅಗ್ಗವಾದ ಕಡೆ ಎದುರಾಳಿಗೂ ಬದುಕುವುದು ಅಗ್ಗ. 6 ಕಾಯಿಯ ಲೆಕ್ಕ ಅವರಿಗೂ ಒಂದೇ.

ಇನ್ನು ಹುಲ್ಲು. ಗಾದೆಯಲ್ಲಿ ಎಲ್ಲಕ್ಕಿಂತ ತಪ್ಪಾಗಿ ಕೇಳಿಸುವ ಮಾತು ಇದು. ಹುಲ್ಲು ಎಂದರೆ ಬಿಸಾಡುವ ವಸ್ತು ಎಂದುಕೊಂಡು ಕಲಿಯುವವರು ನಡುವಿನ ಕಡೆ ತಿರುಗಿಯೂ ನೋಡದೆ ಎರಡನೇ ಗೆರೆಯಲ್ಲಿ ತೆವಳತೊಡಗುತ್ತಾರೆ. ಹೆಜ್ಜೆಗೊಂದು ಬಿಂದು ಗಿಟ್ಟುತ್ತದೆ, ನಿಜ. ಪ್ರತಿ ಹೆಜ್ಜೆಗೂ ಮೇಲಿನ ಗೆರೆಯಲ್ಲಿ ಎದುರಾಳಿಯ ಗೋಡೆ ಒಂದೊಂದು ಇಟ್ಟಿಗೆ ಬೆಳೆಯುತ್ತದೆ. ಹಾಗೆಂದು ಗೋಡೆ ಸಿಕ್ಕವರೆಲ್ಲ ಅದನ್ನು ಬಳಸುವುದು ಬಲ್ಲರು ಎಂದೇನಿಲ್ಲ. ಗೋಡೆಯ ಮುಂದೆಯೇ ಪುಟ್ಟ ಬೇಲಿ ಕಟ್ಟಿ ಐದಾರು ಬಿಂದು ಕೂಡಿಹಾಕುವುದು ಹೊಸಬರ ಹಳೇ ಚಾಳಿ. ಎದುರಾಳಿಯ ಬಡಕಲು ಗುಂಪನ್ನು ಗೋಡೆಯ ಕಡೆಗೆ ಅಟ್ಟಿಕೊಂಡು ಹೋಗಬೇಕು. ಅದು ಜೀವ ಉಳಿಸಿಕೊಳ್ಳಲು ಓಡುವಾಗ ದಾರಿಯುದ್ದಕ್ಕೂ ನಮಗೆ ಜಾಗ ಬೀಳುತ್ತದೆ.

ಹುಲ್ಲಿನ ಲೆಕ್ಕವೂ ಗಾದೆ ಹೇಳುವಷ್ಟು ಬಡಕಲಲ್ಲ. ಕಪ್ಪು ಮೂರನೇ ಗೆರೆಯ ಮೇಲೆ ಮಣೆಯ ಸುತ್ತ ಪೂರಾ ಬೇಲಿ ಹಾಕಿತು ಎನ್ನಿ: 56 ಕಾಯಿ, ಹೊರಗಡೆ ಅಂಚಿಗೆ ಸಿಗುವ ಜಾಗ 136 ಬಿಂದು. ಬಿಳಿ ನಾಲ್ಕನೇ ಗೆರೆಯ ಮೇಲೆ ಸುತ್ತು ಹಾಕಿತು: 48 ಕಾಯಿ, ಒಳಗೆ ಸಿಗುವುದು 121. ಭಾಗಿಸಿದರೆ ಕಾಯಿಗೆ ಕಪ್ಪಿಗೆ 2.4, ಬಿಳಿಗೆ 2.5. ಹುಲ್ಲೇ ಒಂದು ಕೈ ಮುಂದೆ! ಮೂರಕ್ಕೆ ಮೂರರ ಪುಟ್ಟ ಜಾಗಕ್ಕೆ ನಡುಮಣೆಯಲ್ಲಿ ಬೇಲಿ ಕಟ್ಟುವುದು ದಂಡ. ಜಾಗ ದೊಡ್ಡದಾದಷ್ಟೂ ಬೇಲಿಯ ಖರ್ಚು ಕಮ್ಮಿ ಬೀಳುತ್ತದೆ. ಸಣ್ಣ ಕೊಳ್ಳುವಿಕೆಗೆ ಮೂಲೆಯ ದರ ಯಾವುದು, ನಡುವಿನ ದರ ಯಾವುದು ಎಂದಷ್ಟೇ ಗಾದೆ ಹೇಳುತ್ತಿದೆ. ಸಗಟು ದರದ ವಿಚಾರಕ್ಕೆ ಅದು ಕೈ ಹಾಕಿಯೇ ಇಲ್ಲ.

ಇನ್ನೂ ಸ್ವಾರಸ್ಯದ ವಿಷಯ, ಹಳೆಯ ಚೀನಾದ ಗ್ರಂಥವೊಂದೇ ಈ ಗಾದೆಗೆ ಎದುರಾಡುತ್ತದೆ. ಸಾಂಗ್ ರಾಜವಂಶದ ಕಾಲದಲ್ಲಿ, 11ನೇ ಶತಮಾನದಲ್ಲಿ, ಗೋ ಕುರಿತು ಬಂದ ಹದಿಮೂರು ಅಧ್ಯಾಯಗಳ ಶಾಸ್ತ್ರಗ್ರಂಥ ಹೊಟ್ಟೆಯನ್ನು ಎಲ್ಲಕ್ಕಿಂತ ಮೇಲಿಟ್ಟು, ಮೂಲೆಗೆ ನಡುವಿನ ಸ್ಥಾನ ಕೊಟ್ಟು, ಅಂಚನ್ನು ಕೆಳಗಿಡುತ್ತದೆ. ಇದಕ್ಕೆ ಕಾರಣ ಅಂದಿನ ಪದ್ಧತಿಯಲ್ಲಿದೆ ಎಂದು ನನಗನಿಸುತ್ತದೆ. ಆಗ ಚೀನಾದಲ್ಲಿ ಆಟ ಶುರುವಾಗುವ ಮೊದಲೇ ನಾಲ್ಕೂ ಮೂಲೆಗಳ ನಾಲ್ಕು-ನಾಲ್ಕು ಬಿಂದುಗಳಲ್ಲಿ ಎದುರುಬದುರಾಗಿ ಎರಡು ಕಪ್ಪು, ಎರಡು ಬಿಳಿ ಕಾಯಿ ಇಟ್ಟಿರುತ್ತಿದ್ದರು. ಮೂಲೆಗಳು ಮೊದಲೇ ಹಂಚಿಹೋಗಿರುವಾಗ ಜಗಳ ನಡುವಿಗೆ ಬರದೆ ಇನ್ನೆಲ್ಲಿಗೆ ಹೋದೀತು? ಜಪಾನಿನವರು ಖಾಲಿ ಮಣೆಯಿಂದ ಆಡುತ್ತಿದ್ದರು. ಚೀನಾವೂ ಆ ರೂಢಿಗೆ ಬಂದದ್ದು 20ನೇ ಶತಮಾನದಲ್ಲಿ. ಮೂಲೆಗಳು ಖಾಲಿ ಬಿದ್ದಿರುವ ಮಣೆಯಲ್ಲಷ್ಟೇ ಅವುಗಳನ್ನು ಚಿನ್ನ ಎನ್ನುವುದಕ್ಕೆ ಪೂರ್ತಿ ಬಲ ಬರುವುದು.

ಜಪಾನಿನಲ್ಲೂ ಚಿನ್ನದ ಮೇಲಿನ ನಂಬಿಕೆ ಅಲುಗಾಡಿದ್ದುಂಟು. 1933ರಲ್ಲಿ ಕಿತಾನಿ ಮಿನೋರು ಮತ್ತು ಗೋ ಸೇಗೆನ್ ಎಂಬ ಇಬ್ಬರು ತರುಣರು ಹೊಸ ಆರಂಭವೊಂದನ್ನು ರೂಪಿಸಿದರು: ಮೂಲೆಗೆ ಒಂದೇ ಕಾಯಿ ಖರ್ಚು ಮಾಡಿ ಬೇಗ ನಡುವಿಗೆ ಇಳಿಯುವುದು. ಅದೇ ವರ್ಷದ ಅಕ್ಟೋಬರಿನಲ್ಲಿ, ಚೀನಾದಲ್ಲಿ ಹುಟ್ಟಿ ಜಪಾನಿಗೆ ಬಂದಿದ್ದ ಹತ್ತೊಂಬತ್ತರ ಗೋ ಸೇಗೆನ್ ಹಿರಿಯ ಆಟಗಾರ ಹೊನಿಂಬೊ ಶೂಸಾಯ್ ಎದುರು ಕೂತರು. ಸೇಗೆನ್ ಇಟ್ಟ ಮೊದಲ ಕಾಯಿ ಮೂರು-ಮೂರು. ಶೂಸಾಯ್ ಮನೆತನದಲ್ಲಿ ಅದು ನಿಷಿದ್ಧವೆನಿಸಿದ್ದ ನಡೆ. ಎರಡನೆಯದು ಎದುರು ಮೂಲೆಯ ನಾಲ್ಕು-ನಾಲ್ಕು. ಮೂರನೆಯದು ಮಣೆಯ ನಟ್ಟನಡುವಿನ ಬಿಂದು, ಗಾದೆಯ ಭಾಷೆಯಲ್ಲಿ ಹುಲ್ಲಿನ ಹೊಟ್ಟೆ. ಮುಂದಿನ ವರ್ಷದ ಜನವರಿವರೆಗೆ ಎಳೆದ ಆಟವನ್ನು ಶೂಸಾಯ್ ಎರಡು ಬಿಂದುಗಳಿಂದ ಗೆದ್ದರು. ಹುಲ್ಲಿಗೆ ಕೊಟ್ಟ ಕಾಯಿ ದಂಡವಾಗಿದ್ದರೆ ಅಂತರ ಅಷ್ಟು ಕಮ್ಮಿ ಇರುತ್ತಿರಲಿಲ್ಲ. ಆಮೇಲೆ ಇನ್ನೊಬ್ಬ ಜಪಾನಿ ಆಟಗಾರ ತಾಕೆಮಿಯಾ ಮಾಸಾಕಿ ನಾಲ್ಕು-ನಾಲ್ಕರ ಸಾಲು ಹೂಡಿ ಇಡೀ ಹೊಟ್ಟೆಗೇ ಬಲೆ ಬೀಸುವ ಶೈಲಿ ಬೆಳೆಸಿ, 1988ರಲ್ಲೂ 1989ರಲ್ಲೂ ಫುಜಿತ್ಸು ಕಪ್ ಪಂದ್ಯಾವಳಿ ಗೆದ್ದರು. ಅವರದು ಸಗಟು ವ್ಯಾಪಾರ. ಕಲಿಯುವವರು ಅದನ್ನು ನೋಡಿ ಆನಂದಿಸಲಿ. ಅನುಕರಿಸಿದರೆ ಬಲೆಯಲ್ಲಿ ತೂತೇ ಹೆಚ್ಚು.

2016ರ ಮಾರ್ಚಿನಲ್ಲಿ ಸೋಲ್‌ನಲ್ಲಿ ವೃತ್ತಿ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ಚಿನ್ನ, ಹುಲ್ಲು ಎರಡೂ ಮಾತಿಗೆ ಸಾಕ್ಷಿ ಹೇಳಿತು. ಎರಡನೇ ಆಟದ 37ನೇ ನಡೆಯಲ್ಲಿ ಅದು ಲೀ ಅವರ ನಾಲ್ಕನೇ ಗೆರೆಯ ಕಾಯಿಯ ಹೆಗಲಿಗೆ, ಐದನೇ ಗೆರೆಯಲ್ಲಿ ಕಾಯಿ ಇಟ್ಟಾಗ ಪಂಡಿತರು ದಂಗಾದರು. ಅಷ್ಟು ಮೇಲಿನಿಂದ ಒತ್ತಿದರೆ ಅಂಚಿನ ಜಾಗವನ್ನು ಎದುರಾಳಿಗೆ ಕೈಯಾರೆ ಕೊಟ್ಟಂತೆ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. ಮರುವರ್ಷ ಅದೇ ಯಂತ್ರದ ಆಟಗಳನ್ನು ನೋಡಿ ವೃತ್ತಿ ಆಟಗಾರರು ಕಲಿತದ್ದು ಇದಕ್ಕೆ ವಿರುದ್ಧವಾದ ಪಾಠ: ಆಟ ಶುರುವಾಗುತ್ತಲೇ ಮೂರು-ಮೂರಕ್ಕೆ ನುಗ್ಗುವುದು. ಹಿಂದೆ ಗುರುಗಳು ಇದನ್ನು ಅವಸರ ಎಂದು ಬೈಯುತ್ತಿದ್ದರು, ಎದುರಾಳಿಗೆ ಗೋಡೆ ದಾನ ಮಾಡಿದಂತೆ ಎಂದು. ಯಂತ್ರದ ಲೆಕ್ಕದಲ್ಲಿ ಆ ಗೋಡೆಗೆ ಅಷ್ಟೇನೂ ಬೆಲೆ ಬರಲಿಲ್ಲ, ಮೂಲೆ ಇನ್ನೂ ಅಗ್ಗವಾಗಿತ್ತು.

ಕಲಿಯುವವರನ್ನು ಗೊಂದಲಕ್ಕೆ ಕೆಡವುವ ಇನ್ನೊಂದು ಸಂಗತಿಯಿದೆ. ಹೆಚ್ಚಿನವರು ಶುರುಮಾಡುವುದು 9 ಗೆರೆಯ ಪುಟ್ಟ ಮಣೆಯಲ್ಲಿ. ಅಲ್ಲಿ ಮೊದಲ ಕಾಯಿಯನ್ನು ನಟ್ಟನಡುವೆ ಇಡುವುದು ಒಳ್ಳೆಯ ಆರಂಭ, ಯಾವ ಮೂಲೆಯೂ ಅಲ್ಲಿಂದ ದೂರವಿಲ್ಲ. ಒಂದಷ್ಟು ದಿನ ಹಾಗೆ ಆಡಿ 19 ಗೆರೆಗೆ ಬಂದವರು ಅಭ್ಯಾಸಬಲದಿಂದ ಅಲ್ಲೂ ನಡುವಿಗೇ ಕಾಯಿ ಇಟ್ಟು, ಗಾದೆಯ ಏಟು ತಿನ್ನುತ್ತಾರೆ. ಹೇಳಿಕೊಡುವವರು 9 ಗೆರೆಯ ಮಣೆಯಲ್ಲಿ ಈ ಗಾದೆಯ ಮಾತೇ ಎತ್ತಬಾರದು ಎಂದು ನನ್ನ ಅಭಿಪ್ರಾಯ. ಅಲ್ಲಿ ಉಸಿರು, ಕಣ್ಣು, ಸೆರೆ ಕಲಿತರೆ ಸಾಕು. 13 ಗೆರೆಯ ಮಣೆಗೆ ಬಂದಾಗ, ಅದೂ 6, 9, 12ರ ಬೇಲಿಯನ್ನು ಅವರ ಕೈಯಿಂದಲೇ ಕಟ್ಟಿಸಿದ ಮೇಲೆ ಹೇಳಿದರಾಯಿತು.