ಚಹಾದ ದುಡ್ಡು, ಹಾಡಿನ ಋಣ

ಹಳೆಯ ಬೀಜಿಂಗ್ ಪಟ್ಟಣದಲ್ಲಿ ನಾಟಕಕ್ಕೆ ಹೋದವರು ನಾಟಕಕ್ಕೆಂದು ದುಡ್ಡು ಕೊಡುತ್ತಿರಲಿಲ್ಲ, ಚಹಾಕ್ಕೆಂದು ಕೊಡುತ್ತಿದ್ದರು. ನಾಟಕದ ಮನೆಗೆ ಅವರು ಇಟ್ಟಿದ್ದ ಹೆಸರೇ 'ಚಹಾ ತೋಟ'. ಮೇಜಿನ ಸುತ್ತ ಕೂತು, ಬಿಸಿ ಚಹಾ ಗುಟುಕರಿಸುತ್ತ, ಕಲ್ಲಂಗಡಿ ಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಪಕ್ಕದ ವೇದಿಕೆಯ ಮೇಲಿನ ಹಾಡಿಗೆ ಕಿವಿ ಕೊಡುವುದು ಅಲ್ಲಿಯ ರೂಢಿ. ಹಳಬರು 'ನಾಟಕ ನೋಡಲು ಹೋಗುತ್ತೇನೆ' ಎನ್ನುತ್ತಿರಲಿಲ್ಲ, 'ಕೇಳಲು ಹೋಗುತ್ತೇನೆ' ಎನ್ನುತ್ತಿದ್ದರು. ಹೊರಡುವಾಗ ಚಹಾದ ಲೆಕ್ಕ ಮುಗಿಸಿದರೆ ಎಲ್ಲ ಮುಗಿದಂತೆ. ಸಂತೆಯಲ್ಲಿ ಬದನೆಕಾಯಿ ಕೊಂಡಾಗ ಮೇಲಿಷ್ಟು ಕೊಸರು ಹಾಕುತ್ತಾರಲ್ಲ, ಹಾಡು ಹಾಗೆ ಚಹಾದ ಮೇಲಿನ ಕೊಸರು.

ಇದನ್ನು ಓದಿದಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಾಡು ಕೇಳಿ ಸುಖಪಟ್ಟವರು ಹಾಡಿದವರಿಗೆ ಏನು ಕೊಡಬೇಕು? ದುಡ್ಡು ಕೊಟ್ಟು ಎದ್ದು ಬಂದರೆ ಋಣ ತೀರುತ್ತದೆಯೇ?

ಚೀನಾ ದೇಶದ ಮಾತು ನಮಗೇಕೆ ಎಂದು ನೀವು ಕೇಳಬಹುದು. ಚಹಾ ಅವರಿಂದ ಬಂತು, ಚಹಾ ಎಂಬ ಹೆಸರೂ ಅವರಿಂದಲೇ ಬಂತು. ಕಪ್ಪನ್ನು ನಾವು ಚೀನಿ ಮಣ್ಣಿನದೆಂದೇ ಕರೆಯುತ್ತೇವೆ. ಚಹಾ ಕುಡಿಯುತ್ತ ಹಾಡು ಕೇಳುವ ಚಟ ಮಾತ್ರ ನಮ್ಮಲ್ಲೂ ಇತ್ತು. ನಾನು ಹುಟ್ಟಿ ಬೆಳೆದ ಗೊಳಸಂಗಿ ಬಾಗೇವಾಡಿ ಸೀಮೆಯ ಊರು, ವಿಜಯಪುರ ಜಿಲ್ಲೆಯದು. ಊರೆಂದ ಮೇಲೆ ಒಂದು ಚಹಾದಂಗಡಿ ಇರಲೇಬೇಕು. ಎರಡು ಬಾಕು, ಒಂದು ಒಲೆ, ಒಗ್ಗರಣೆ ಹಾಕಿದ ಚುರುಮುರಿ, ಬುಟ್ಟಿಯ ತುಂಬ ಮಿರ್ಚಿ ಭಜಿ, ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂಬ ಬರಹ. ಗಂಡಸರು ಬಶಿಗೆ ಚಹಾ ಸುರುವಿಕೊಂಡು ಸೊರ್ ಎಂದು ಹೀರುತ್ತ ಲೋಕದ ಪಂಚಾಯ್ತಿ ನಡೆಸುವ ಜಾಗ ಅದು. ಅಲ್ಲಿ ಹೆಂಗಸು ಕೂತದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡವಳಲ್ಲ.

ಜಾತ್ರೆಯ ಹೊತ್ತಿಗೆ ಅಂಗಡಿಯ ಮುಂದಿನ ಬಯಲಿನಲ್ಲಿ ಗೀಗೀ ಮೇಳ ಇಡಿಸುತ್ತಿದ್ದರು. ನಮ್ಮ ಕಡೆಯವರಿಗೆ ಹರದೇಶಿ–ನಾಗೇಶಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ತಿರುಗಿ ಹಾಡುತ್ತಾರೆ. ದಪ್ಪು, ತುಂತುಣಿ, ತಾಳ ಇಷ್ಟೇ ವಾದ್ಯ. ಪುರಾಣದಿಂದ ಎತ್ತಿದ ಸವಾಲಿಗೆ ಪುರಾಣದಿಂದಲೇ ಜವಾಬು. ಬೆಳಕು ಹರಿಯುವ ತನಕ ಸೋಲುವವರಿಲ್ಲ. ಮಧ್ಯೆ ಮಧ್ಯೆ ಅಂಗಡಿಯಿಂದ ಚಹಾದ ಸರಬರಾಜು ನಡೆದೇ ಇರುತ್ತಿತ್ತು.

ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಆ ವಾದವನ್ನು ನಾವು ಹೆಣ್ಣುಮಕ್ಕಳು ಕೇಳುತ್ತಿದ್ದುದು ಮಾಳಿಗೆಯ ಮೇಲಿನಿಂದ. ಮಣ್ಣಿನ ಮಾಳಿಗೆಯ ಅಂಚಿನಲ್ಲಿ ಕೌದಿ ಹೊದ್ದು, ಸೆರಗು ಮುಂದಕ್ಕೆಳೆದುಕೊಂಡು ಸಾಲಾಗಿ ಕೂಡ್ರುತ್ತಿದ್ದೆವು. ನಾಗೇಶಿಯವಳು ಒಂದು ಸವಾಲು ಗೆದ್ದರೆ ಮಾಳಿಗೆಯ ಮೇಲೆ ಬಳೆಗಳ ಸಪ್ಪಳವಾಗುತ್ತಿತ್ತು, ಅಷ್ಟೇ. ಕೆಳಗಿನ ಗಂಡಸರು ಸಿಳ್ಳು ಹಾಕುತ್ತಿದ್ದರು, ನೋಟು ಎತ್ತಿ ಹಿಡಿದು ಆಯೇರಿ ಕೂಗಿಸುತ್ತಿದ್ದರು. ಬೀಜಿಂಗಿನ ಚಹಾ ತೋಟಗಳಿಗೂ ಬಹಳ ಕಾಲ ಹೆಂಗಸರನ್ನು ಬಿಡುತ್ತಿರಲಿಲ್ಲ. 20ನೇ ಶತಮಾನ ಹುಟ್ಟಿದ ಮೇಲೆ ಬಿಡತೊಡಗಿದಾಗಲೂ ಮಹಡಿಯ ಮೇಲೆ ಬೇರೆಯಾಗಿ ಕೂಡ್ರಿಸಿದರು. ಮಹಡಿಯಾದರೇನು, ಮಾಳಿಗೆಯಾದರೇನು! ಎಲ್ಲ ಕಡೆಯ ಹೆಣ್ಣಿಗೂ ಹಾಡು ಮೊದಲು ಸಿಕ್ಕಿದ್ದು ಮೇಲಿನಿಂದ ಬಗ್ಗಿ ನೋಡಿಯೇ.

1972ರ ಬರಕ್ಕೆ ಎರಡು ವರ್ಷ ಮೊದಲಿನ ಮಾತು. ಆ ವರ್ಷ ಬಂದ ನಾಗೇಶಿಯವಳು ಮೂವತ್ತರ ಆಸುಪಾಸಿನ ಹೆಂಗಸು. ರಾತ್ರಿಯಿಡೀ ಹಾಡಿ ಎದುರಿನ ಮೇಳದವರ ಬಾಯಿ ಕಟ್ಟಿದ್ದಳು. ಊರೆಲ್ಲ ಅವಳ ಗುಣಗಾನ. ಬೆಳಗಾಯಿತು. ಬಾಕಿನ ಮೇಲೆ ಗಂಡಸರು ಕೂತೇ ಇದ್ದರು. ರಾತ್ರಿ ಅವಳ ಹಾಡಿಗೆ ತಲೆದೂಗಿದವರೇ ಎಲ್ಲರೂ. ಅವಳು ಮಾತ್ರ ಅಂಗಡಿಯಿಂದ ನಾಲ್ಕು ಮಾರು ದೂರ ನಿಂತಿದ್ದಳು. ಅವಳ ಜಾತಿ ಊರಿಗೆ ಗೊತ್ತಿತ್ತು. ಹೊರಗೋಡೆಯ ಮಾಡದಲ್ಲಿ ಬೇರೆಯಾಗಿಟ್ಟ ಗಾಜಿನ ಗ್ಲಾಸೊಂದನ್ನು ಅವಳೇ ತೆಗೆದುಕೊಂಡು ಬಂದು ಹಿಡಿದಳು. ಮೇಲಿನಿಂದ ಚಹಾ ಸುರುವಿದರು. ಕುಡಿದು, ತಾನೇ ತೊಳೆದು, ಮತ್ತೆ ಮಾಡದಲ್ಲಿ ಇಟ್ಟಳು. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. 'ಹಾಡಿದಾಕಿ, ನಿನ್ನ ಕಡೆ ಏನ್ ರೊಕ್ಕಾ ತಗೊಳ್ಳೋದು' ಎಂದರು. ಅದು ದೊಡ್ಡ ಮರ್ಯಾದೆಯೆಂದೇ ಅವರು ತಿಳಿದಿದ್ದರು.

ನಮ್ಮ ಆಯಿ ಬಾಗಿಲಲ್ಲಿ ನಿಂತು ನೋಡಿದಳು. 'ಏ ತಂಗೀ, ಅಲ್ಲ್ಯಾಕ ನಿಂತೀಯವ್ವಾ? ಇಲ್ಲಿ ಬಾ. ಗಂಟಲಾ ಒಣಗಿರಬೇಕು' ಎಂದು ಕರೆದಳು. ಕಟ್ಟೆಯ ಮೇಲೆ ಕೂಡ್ರಿಸಿದಳು. ಒಳಗಿನಿಂದ ಚೀನಿ ಕಪ್ಪು–ಬಶಿಯಲ್ಲಿ ಹಾಲು ಹೆಚ್ಚು ಹಾಕಿದ ಚಹಾ ತರಿಸಿ ಕೊಟ್ಟಳು. ಅವಳ ತಾಯಿ–ತಂದೆ, ಮಕ್ಕಳು–ಮರಿ ವಿಚಾರಿಸಿದಳು. ಎದ್ದು ಹೋಗುವಾಗ ಒಂದು ಕುಬಸದ ಕಣವನ್ನೂ ಕೊಟ್ಟಳು. ಅವಳು ಅತ್ತ ಹೋದ ಮೇಲೆ ಕಪ್ಪು–ಬಶಿಯನ್ನು ಬೂದಿಯಿಂದ ತಿಕ್ಕಿಸಿ ದನದ ಕೊಟ್ಟಿಗೆಯ ಮಾಡದಲ್ಲಿ ಇಡಿಸಿದಳು.

ಆಯಿ ಕೆಟ್ಟವಳೆಂದು ನಾನು ಹೇಳಲಾರೆ. ಅಂಗಡಿಯವರು ಕೊಡದ ಆಸನವನ್ನು ಕೊಟ್ಟವಳು ಅವಳೇ. ನಾನು 'ಆ ಕಪ್ಪು ಅಲ್ಲ್ಯಾಕ ಇಟ್ಟಿ?' ಎಂದು ಕೇಳಿದ್ದಕ್ಕೆ, 'ಮನಿಗೆ ಕರದು ಚಾ ಕೊಟ್ಟೀನಿ, ಕಣಾ ಕೊಟ್ಟೀನಿ. ಇನ್ನೇನು ಕೊಡಬೇಕಿತ್ತು?' ಎಂದಳು. ಅವಳ ಲೆಕ್ಕದಲ್ಲಿ ಋಣ ಚುಕ್ತಾ ಆಗಿತ್ತು. ನಮ್ಮವ್ವ ಅತ್ತೆಯ ಎದುರು ಮಾತಾಡುವವಳಲ್ಲ. ಮರುದಿನ ಮುಂಜಾನೆ ಕೊಟ್ಟಿಗೆಯ ಮಾಡದಿಂದ ಆ ಕಪ್ಪನ್ನು ತಂದು, ತನ್ನ ಚಹಾವನ್ನು ಅದರಲ್ಲಿ ಸುರುವಿಕೊಂಡು ಕುಡಿದಳು. ಆಯಿ ನೋಡಿದಳು. 'ಕಪ್ಪಿಗೇನಾಗೇತ್ರಿ ಅತ್ತಿ, ಛಲೋ ಐತಿ' ಎಂದಳು ಅವ್ವ. ಅಷ್ಟೇ ಮಾತು. ಆ ಕಪ್ಪು ಒಡೆಯುವ ತನಕ ಅವ್ವ ಅದರಲ್ಲೇ ಚಹಾ ಕುಡಿದಳು.

ಹಾಡಿದವರಿಗೆ ಮೂರು ಬಗೆಯಲ್ಲಿ ಕೊಡಬಹುದು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು ದುಡ್ಡು, ಎರಡನೆಯದು ಹೊಗಳಿಕೆ, ಮೂರನೆಯದು ಜಾಗ. ಗಂಡಸರು ಆಯೇರಿ ಹಾಕಿ ದುಡ್ಡು ಕೊಟ್ಟರು, ಸಿಳ್ಳು ಹಾಕಿ ಹೊಗಳಿದರು. ಆಯಿ ಅರ್ಧ ಜಾಗ ಕೊಟ್ಟಳು, ಕಟ್ಟೆಯ ತನಕ. ಪೂರ್ತಿ ಜಾಗ ಕೊಟ್ಟವಳು ಅವ್ವ ಒಬ್ಬಳೇ. ಅದು ಹಾಡಿದವಳಿಗೆ ತಿಳಿಯಲೂ ಇಲ್ಲ. ದುಡ್ಡು, ಹೊಗಳಿಕೆ ಎರಡನ್ನೂ ಕೊಟ್ಟು ನಾವು ಮೊದಲಿದ್ದಂತೆಯೇ ಉಳಿಯಬಹುದು. ಜಾಗ ಕೊಡಬೇಕಾದರೆ ನಾವು ಸ್ವಲ್ಪ ಸರಿದು ಕೂಡ್ರಬೇಕಾಗುತ್ತದೆ. ಕಷ್ಟವಿರುವುದು ಅಲ್ಲಿ.

ಹೋಟೆಲಿನಲ್ಲಿ ಅಸ್ಪೃಶ್ಯತೆ ಆಚರಿಸುವುದು 1955ರ ಕಾಯ್ದೆಯ ಪ್ರಕಾರವೇ ಅಪರಾಧವಾಗಿತ್ತು. ಆ ಬೆಳಗಿನ ಹೊತ್ತಿಗೆ ಕಾಯ್ದೆಗೆ ಹದಿನೈದು ವರ್ಷ ವಯಸ್ಸು. ಕಾಯ್ದೆಯ ಕೈ ಅಂಗಡಿಯ ಮಾಡದವರೆಗೆ ಚಾಚಬಲ್ಲದು. ಮನೆಯ ಕೊಟ್ಟಿಗೆಯ ಮಾಡದವರೆಗೆ ಅದು ಬರಲಾರದು. ಅಲ್ಲಿಗೆ ಬರಬೇಕಾದದ್ದು ಮನೆಯವರ ಕೈಯೇ. ಜಾತಿಯ ಮೇಲು–ಕೀಳನ್ನು ಅಲ್ಲಗಳೆದ ಬಸವಣ್ಣ ಹುಟ್ಟಿದ ಸೀಮೆಯಲ್ಲೇ ಈ ಮಾತನ್ನು ಇನ್ನೂ ಹೇಳಬೇಕಾಗಿದೆ.

ಇದು ನಮ್ಮೂರೊಂದರ ಕಥೆಯಲ್ಲ. ಚೀನಾದ ಅರಸರ ಕಾಲದಲ್ಲಿ ನಟರ ಮಕ್ಕಳು ಸರಕಾರಿ ಹುದ್ದೆಯ ಪರೀಕ್ಷೆಗೆ ಕೂಡ್ರುವಂತಿರಲಿಲ್ಲ. ಆ ಪರೀಕ್ಷೆಯೇ 1905ರಲ್ಲಿ ರದ್ದಾಯಿತು. ಅಲ್ಲಿಯ ವೇದಿಕೆಯ ಮೇಲೆ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಮೇಯ್ ಲಾನ್‌ಫಾಂಗ್ ಎಂಬ ನಟ (1894–1961) ಹೆಣ್ಣಿನ ವೇಷದಿಂದಲೇ ಲೋಕಪ್ರಸಿದ್ಧನಾದ. ಅದೇ ಕಾಲಕ್ಕೆ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು (1888–1967) ಹೆಣ್ಣಾಗಿ ನಿಂತರೆ ಮನೆತನದ ಹೆಂಗಸರು ಅವರ ಸೀರೆಯ ಉಡಿಗೆಯನ್ನು ನೋಡಿ ಕಲಿಯುತ್ತಿದ್ದರು. ಗಂಡು ಹೆಣ್ಣಾದಾಗ ಗಂಧರ್ವ ಎಂದರು. ಹೆಣ್ಣು ಹೆಣ್ಣಾಗಿಯೇ ವೇದಿಕೆಗೆ ಬಂದಾಗ ಏನೆಂದರು?

ನಮ್ಮ ಸೀಮೆಯಿಂದ ಕೃಷ್ಣೆಯನ್ನು ದಾಟಿದರೆ ಬೀಳಗಿ. ಅಲ್ಲಿಯ ಅಕ್ಕ–ತಂಗಿಯರು ಗೋಹರಬಾಯಿ, ಅಮೀರಬಾಯಿ. ಊರು ಬಿಟ್ಟು ಹೋದ ಮೇಲೆ ಇಬ್ಬರ ಹೆಸರಿಗೂ 'ಕರ್ನಾಟಕಿ' ಸೇರಿಕೊಂಡಿತು. 1943ರ 'ಕಿಸ್ಮತ್' ಚಿತ್ರದಲ್ಲಿ ಅಮೀರಬಾಯಿ ಹಾಡಿದ್ದನ್ನು ಇಡೀ ದೇಶ ಗುನುಗಿತು. ಗೋಹರಬಾಯಿ ಬಾಲಗಂಧರ್ವರ ಕಂಪನಿ ಸೇರಿ, ಅವರು ಮಾಡುತ್ತಿದ್ದ ಹೆಣ್ಣಿನ ಪಾತ್ರಗಳಲ್ಲಿ ನಿಂತರು. ಹಾಡಿಗೆ ತಲೆದೂಗಿದ ಜನವೇ ಅವರ ಬಾಳನ್ನು ನಾಲಗೆಯ ಮೇಲೆ ಎಳೆದಾಡಿತು. ಇತ್ತ ಬಯಲಾಟದ ಶ್ರೀಕೃಷ್ಣ ಪಾರಿಜಾತಕ್ಕೆ ಹೆಣ್ಣುಮಕ್ಕಳು ಕಾಲಿಟ್ಟಾಗ ಕೌಜಲಗಿ ನಿಂಗಮ್ಮನ ಹೆಸರು ಮನೆಮಾತಾಯಿತು. ಮನೆಮಾತಾದ ಹೆಸರಿಗೆ ಮನೆಯ ಬಾಗಿಲು ಎಷ್ಟು ತೆರೆಯಿತು ಎಂಬುದು ಬೇರೆಯೇ ಪ್ರಶ್ನೆ.

ಬೀಜಿಂಗಿನಲ್ಲಿ ಇಂದಿಗೂ ಒಂದು ಹೆಸರಾದ ಚಹಾದ ಮನೆಯಿದೆ. 1979ರಲ್ಲಿ ದಾರಿಹೋಕರಿಗೆ ಎರಡು ಫೆನ್ನಿಗೆ ದೊಡ್ಡ ಬಟ್ಟಲ ತುಂಬ ಚಹಾ ಮಾರುತ್ತಿದ್ದ ಬೀದಿಯಂಗಡಿ ಬೆಳೆದು 1988ರಲ್ಲಿ ಅದು ತೆರೆಯಿತು. ಚಹಾದ ಜೊತೆಗೆ ನಾಟಕದ ತುಣುಕು, ಡೋಲು ಬಡಿದು ಹೇಳುವ ಕಥೆ, ತೊಗಲುಬೊಂಬೆ, ಕಸರತ್ತು ಎಲ್ಲ ನಡೆಯುತ್ತವೆ. ಈಗ ಹೆಂಗಸರು ಗಂಡಸರು ಒಂದೇ ಮೇಜಿಗೆ ಕೂತು ನೋಡುತ್ತಾರೆ. ಅದಕ್ಕೆ ಇಟ್ಟಿರುವ ಹೆಸರು ಲಾವೋ ಷೆ ಎಂಬ ಲೇಖಕರದು. ಚಹಾದಂಗಡಿಯೊಂದರ ಐವತ್ತು ವರ್ಷದ ಏಳುಬೀಳನ್ನು ಮೂರು ಅಂಕಗಳಲ್ಲಿ ತೋರಿಸುವ 'ಚಹಾಗೃಹ' ನಾಟಕವನ್ನು 1957ರಲ್ಲಿ ಕೊಟ್ಟವರು ಅವರು. ಅದೇ ಊರಿನಲ್ಲಿ 1966ರ ಆಗಸ್ಟಿನಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಹುಚ್ಚಿನಲ್ಲಿ, ಕೆಂಪು ದಳದ ಹುಡುಗ–ಹುಡುಗಿಯರು ಅವರನ್ನು ಮಂದಿಯ ಮುಂದೆ ನಿಲ್ಲಿಸಿ ಹೊಡೆದರು. ಮರುದಿನ ಮನೆ ಬಿಟ್ಟು ಹೋದ ಆ ಹಿರಿಯರ ಹೆಣ ಕೆರೆಯಲ್ಲಿ ಸಿಕ್ಕಿತು. ಬದುಕಿದ್ದಾಗ ಊರು ಜಾಗ ಕೊಡಲಿಲ್ಲ, ಇಪ್ಪತ್ತೆರಡು ವರ್ಷಗಳ ಮೇಲೆ ಫಲಕದ ಮೇಲೆ ಕೊಟ್ಟಿತು. ಅಲ್ಲಿ ಕೂತು ಚಹಾ ಕುಡಿಯುವವರಲ್ಲಿ ಎಷ್ಟು ಮಂದಿಗೆ ಇದರ ನೆನಪಾಗುತ್ತದೋ! ಸತ್ತವರಿಗೆ ಜಾಗ ಕೊಡುವುದು ಸುಲಭ. ಅವರು ನಮ್ಮ ಕಪ್ಪಿನಲ್ಲಿ ಚಹಾ ಕೇಳುವುದಿಲ್ಲ.

'ಹಾಡುವುದು ಅವರ ಹೊಟ್ಟೆಪಾಡು, ಕೂಲಿ ಕೊಟ್ಟ ಮೇಲೆ ಮತ್ತೇನು ಋಣ? ಹಾಗಾದರೆ ಬಟ್ಟೆ ಹೊಲಿದವನಿಗೂ ಋಣವೇ?' ಎಂದು ಗೆಳತಿಯೊಬ್ಬಳು ನನ್ನೊಡನೆ ವಾದಿಸಿದಳು. ಅವಳ ಮಾತಿನಲ್ಲಿ ಹುರುಳಿದೆ. ಕೂಲಿ ಮೊದಲು, ಉಳಿದದ್ದು ಆಮೇಲೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸಂಭಾವನೆಯ ಮಾತು ಬಂದಾಗ ಆಕಾಶ ನೋಡುವ ಸಂಘಟಕರನ್ನೂ ಕಂಡಿದ್ದೇನೆ. ಮರ್ಯಾದೆಯ ಹೆಸರಿನಲ್ಲಿ ಕೂಲಿ ತಪ್ಪಿಸುವುದು, ಕೂಲಿಯ ಹೆಸರಿನಲ್ಲಿ ಮರ್ಯಾದೆ ತಪ್ಪಿಸುವುದು ಎರಡೂ ಒಂದೇ ಜಾತಿಯ ಕಳ್ಳತನ. ಬಟ್ಟೆ ಹೊಲಿದವನ ಮಾತಿಗೂ ಉತ್ತರವಿದೆ. ನಮ್ಮ ಮೈಗೆ ಒಪ್ಪುವಂತೆ ಹೊಲಿದವನನ್ನು ಹೊರಗೆ ನಿಲ್ಲಿಸಿದರೆ ಅದೂ ಋಣವೇ. ಹಾಡಿದವಳದು ಇನ್ನೂ ಒಂದು ತೂಕ ಹೆಚ್ಚು, ಏಕೆಂದರೆ ಅವಳು ಒಪ್ಪಿಸಿದ್ದು ನಮ್ಮ ಮನಸ್ಸಿಗೆ. ಮನಸ್ಸಿನೊಳಕ್ಕೆ ಬಂದವಳನ್ನು ಮನೆಯ ಹೊರಗಿಡುವುದು ಯಾವ ನ್ಯಾಯ?

ನಮ್ಮ ಋಣವಂತೂ ಗಂಡಸರ ಋಣಕ್ಕಿಂತ ದೊಡ್ಡದು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಡೇರೆ ಹಾಕುತ್ತವೆ. ಬನದ ಹುಣ್ಣಿಮೆಯ ಸುತ್ತಮುತ್ತ ರಾತ್ರಿಯೆಲ್ಲ ಆಟ. ಅಲ್ಲಿಗೆ ಇಂದು ಹೆಣ್ಣುಮಕ್ಕಳು ಗುಂಪುಗೂಡಿ ಹೋಗುತ್ತಾರೆ, ಟಿಕೀಟು ಕೊಂಡು ಮುಂದಿನ ಸಾಲಿನಲ್ಲಿ ಕೂಡ್ರುತ್ತಾರೆ, ಆಟದ ನಡುವೆ ಹೊರಗೆ ಬಂದು ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಮಾಳಿಗೆಯಿಂದ ಮುಂದಿನ ಸಾಲಿಗೆ ನಾವು ಇಳಿದು ಬಂದೆವು. ಆ ಮೆಟ್ಟಿಲು ಯಾರು ಕಟ್ಟಿದ್ದು? ನಮ್ಮ ಶಿಕ್ಷಣ ಕಟ್ಟಿತು, ಸಂಬಳ ಕಟ್ಟಿತು, ಒಪ್ಪುತ್ತೇನೆ. ಮೊದಲನೆಯ ಕಲ್ಲು ಇಟ್ಟವರು ಮಾತ್ರ ಬೇರೆ. ಮಂದಿಯ ನಡುವೆ ತಲೆಯೆತ್ತಿ ನಿಂತು, ಹೆಣ್ಣು ಹೆಚ್ಚು ಎಂದು ಗಂಡಸರ ಮುಖಕ್ಕೆ ಹಾಡಿ, ಅದಕ್ಕಾಗಿ ಬೈಗುಳ ತಿಂದ ಹೆಣ್ಣುಮಕ್ಕಳವರು. ಅವರು ನಿಂತದ್ದರಿಂದ ನಾವು ಕೂಡ್ರುವಂತಾಯಿತು. 'ಅಂಥಾಕಿ' ಎಂಬ ಒಂದೇ ಮಾತಿನಲ್ಲಿ ಅವರನ್ನು ಹೊರಗಿಟ್ಟವರಲ್ಲಿ ಗಂಡಸರಷ್ಟೇ ಇರಲಿಲ್ಲ. ಮಾಳಿಗೆಯ ಮೇಲಿನ ಬಾಯಿಗಳೂ ಇದ್ದವು.

ಈಗ ನಮ್ಮ ಊರು–ಪಟ್ಟಣಗಳಲ್ಲಿ ಮಹಿಳಾ ಮಂಡಳಗಳಿವೆ. ವಾರ್ಷಿಕೋತ್ಸವಕ್ಕೆ ಜನಪದ ಹಾಡಿನವರನ್ನು ಕರೆಸುತ್ತೇವೆ. ಹಿರಿಯ ಕಲಾವಿದರಿಗೆ ಸರಕಾರದ ಮಾಸಾಶನವಿದೆ. ಎಲ್ಲವೂ ಒಳ್ಳೆಯದೇ. ನಾನು ಕೇಳುವುದು ಚಿಕ್ಕ ಮಾತು. ಹಾಡು ಮುಗಿದು ಪರದೆ ಬಿದ್ದ ಮೇಲೆ ಆಕೆಯ ತಾಟು ಎಲ್ಲಿಡುತ್ತೀರಿ? ಅಧ್ಯಕ್ಷರ ಪಂಕ್ತಿಯಲ್ಲೋ, ಹಿಂದಿನ ಕೋಣೆಯಲ್ಲೋ? ಆಕೆ ಉಂಡು ಬಸ್ಸಿಗೆ ಹೋಗುವ ಮೊದಲು ಹಾಡಿನ ಹೊರತಾಗಿ ಆಕೆಯೊಡನೆ ಯಾರಾದರೂ ಐದು ನಿಮಿಷ ಕೂತು ಮಾತಾಡಿದಿರಾ?

ಚಹಾದ ದುಡ್ಡು ಕೊಡುವುದು ತಡವಾಗಬಾರದು, ಕಡಿಮೆಯೂ ಆಗಬಾರದು. ಅದು ಕೊಟ್ಟಾದ ಮೇಲೆ ಎದ್ದು ಹೋಗದೆ ಇನ್ನಿಷ್ಟು ಹೊತ್ತು ಕೂಡ್ರೋಣ. ಬಾಕಿನ ಮೇಲೆ ಸ್ವಲ್ಪ ಸರಿದರೆ ಇನ್ನೊಬ್ಬಳಿಗೆ ಜಾಗವಾಗುತ್ತದೆ.